ಎಣ್ಣೆಯಡಿಯ ಹನಿ

...ಅಯ್ಯೋ, ಕೂತ್ಕೋ ಪೆರ್ಲಾ ಅಕ್ಕ! ಈಗ್ಲೇ ಆಸ್ಪತ್ರೆ ಗೌನು ಹಾಕ್ಕೊಂಡು ಯಾಕೆ ನಿಂತೆ? ಡಾಕ್ಟರು ಇನ್ನೂ ಎಡ್ಸಾ ರಸ್ತೆ ಟ್ರಾಫಿಕ್ಕಲ್ಲಿ ಸಿಕ್ಕೊಂಡಿದಾರೆ. ಭಾವ ಎಲ್ಲಿ?... ಕೆಳಗೆ ಶುಂಠಿ ಗಂಜಿ ತರೋಕೆ ಹೋದ್ರಾ? ಹೋಗ್ಲಿ ಬಿಡು. ಪಾಪ.

ಏನು ಕೇಳ್ದೆ? ನಿನ್ನ ಭ್ರೂಣ ಹೇಗಿದೆ ಅಂತಾನಾ?... ಹೂಂ. ಹೇಳ್ತೀನಿ, ಹೇಳ್ತೀನಿ. ಅದೊಂದು ದೊಡ್ಡ ಕಥೆ. ನೋಡು, ತಾಯಿ ಹೊಟ್ಟೇಲಾದ್ರೆ ಗರ್ಭಕೋಶವೇ ಅದಕ್ಕೆ ಬೇಕಾದ್ದನ್ನೆಲ್ಲ ಕೊಡುತ್ತೆ. ಗ್ರೋತ್ ಫ್ಯಾಕ್ಟರ್ ಅಂತೀವಿ ನಾವು. 'ಎರಡಾಗು, ನಾಲ್ಕಾಗು, ಹೆದರಬೇಡ' ಅಂತ ಬೆನ್ನು ತಟ್ಟೋ ಪ್ರೋಟೀನು. ನಮ್ಮ ಲ್ಯಾಬಿನ ತಟ್ಟೇಲಿ ತಾಯಿ ಎಲ್ಲಿಂದ ಬರ್ಬೇಕು? ಒಂದು ಹನಿ ದ್ರವ, ಅದು ಒಣಗದ ಹಾಗೆ ಮೇಲೊಂದಿಷ್ಟು ಎಣ್ಣೆ, ಕಾವಿಗೆ ಒಂದು ಪೆಟ್ಟಿಗೆ. ಅಷ್ಟೆ.

ಯಾಕೆ ನಗ್ತೀಯ? ನಿನ್ನ ತಂಗಿ ಲಿಗಾಯಾ ಬಿಳಿ ಕೋಟು ಹಾಕಿದ್ಲು ಅಂದ್ರೆ ಪಾಠ ಶುರು ಅಂತಾನಾ? ನಗು, ನಗು... ನೀನು ನಕ್ಕು ಎಷ್ಟು ಕಾಲ ಆಯ್ತು!

ಭ್ರೂಣಗಳೂ ಸುಮ್ನಿರಲ್ಲ ಅಕ್ಕ. ತಾವೂ ಅಂಥ ಪ್ರೋಟೀನು ಅಷ್ಟಿಷ್ಟು ಹೊರಗೆ ಬಿಡ್ತಾವೆ. ಒಂದೇ ಹನೀಲಿ ನಾಲ್ಕೈದು ಇಟ್ರೆ ಇದು ಬಿಟ್ಟಿದ್ದು ಅದಕ್ಕೆ, ಅದು ಬಿಟ್ಟಿದ್ದು ಇದಕ್ಕೆ. ಟೋಂಡೋ ಮನೇಲಿ ನಾವೆಲ್ಲ ಒಂದೇ ಚಾಪೇಲಿ ಬೆಳೆದ್ವಲ್ಲ, ಹಾಗೆ. ಆದ್ರೆ ನಿನ್ನದು... ಒಂದೇ ಒಂದು. ಅದಕ್ಕೇ ಹನಿ ಚಿಕ್ಕದು ಮಾಡ್ದೆ, ತೀರಾ ಚಿಕ್ಕದು. ದೊಡ್ಡ ಹನೀಲಿ ಬಿಟ್ರೆ ಪಾಪದ್ದು ಬಿಟ್ಟಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ!

ಮೊನ್ನೆ ಎಷ್ಟು ಚೆನ್ನಾಗಿತ್ತು ಗೊತ್ತಾ? ಎಂಟು ಕೋಶ, ದುಂಡಗೆ, ತಿಳಿಯಾಗಿ... ಒಬಾಂಡೋ ಚರ್ಚಿನ ಮುಂದೆ ಬಿಸಿಲಲ್ಲಿ ಮಗು ಬೇಕು ಅಂತ ಕುಣಿದು ಕಾಲು ಊದಿಸ್ಕೊಂಡೆಯಲ್ಲ, ಆ ಸಂತ ಕ್ಲಾರಾ ಕೊನೆಗೂ ಕಣ್ಣು ಬಿಟ್ಲು ಅಂದ್ಕೊಂಡೆ.

ಏನು?... ಇವತ್ತಾ? ಇವತ್ತು... ಇರು, ನರ್ಸ್ ಬಂದ್ಲು. ಬೇಡಮ್ಮ, ನೀರಿನ ಜಗ್ ಇಲ್ಲಿ ಬೇಡ. ತಗೊಂಡು ಹೋಗು. ಹೋಗು ಅಂದ್ನಲ್ಲ!

...ಹಾಂ, ಎಲ್ಲಿದ್ದೆ? ಹನಿ. ಹೊರಗಿಂದಲೂ ಒಂದಿಷ್ಟು ಗ್ರೋತ್ ಫ್ಯಾಕ್ಟರ್ ಹಾಕ್ದೆ. ಜಾಸ್ತಿ ಆದ್ರೂ ಕೆಟ್ಟದ್ದೇ, ಅದಕ್ಕೇ ಅಳೆದೂ ಸುರಿದೂ...

ಅಕ್ಕ? ನರ್ಸ್ ಹೋದ ಬಾಗಿಲ ಕಡೆ ಯಾಕೆ ನೋಡ್ತೀಯ? ಬಾಯಾರಿಕೆ ಆಗಿದ್ರೆ ತರಿಸ್ತೀನಿ, ಒಂದು ಲೋಟ...

ಅಲ್ಲ. ಬಾಯಾರಿಕೆ ಅಲ್ಲ. ನಿನಗೆ ಗೊತ್ತಲ್ವಾ... ಭ್ರೂಣ ಒಳಗೆ ಬಿಡೋ ಮುಂಚೆ ಹೊಟ್ಟೆ ಬಿರಿಯೋ ಹಾಗೆ ನೀರು ಕುಡಿಸ್ತಾರೆ. ಆಗ್ಲೇ ಸ್ಕ್ಯಾನಿಂಗಲ್ಲಿ ಗರ್ಭಕೋಶ ಸರಿಯಾಗಿ ಕಾಣೋದು. ಹಿಂದಿನ ಎರಡು ಸಲವೂ ನಾನೇ ಎದುರು ಕೂತು ಕುಡಿಸಿದ್ದೆ. 'ಇನ್ನೊಂದು ಲೋಟ, ಇನ್ನೊಂದು' ಅಂತ. ಇವತ್ತು ಜಗ್ಗನ್ನೇ ವಾಪಸ್ ಕಳಿಸ್ದೆ.

ಅಕ್ಕ, ಕೈ ಎಳ್ಕೋಬೇಡ... ಬೈ. ಹೊಡಿ. ಹಾಗೆ ನೋಡ್ಬೇಡ.

ಬೆಳಿಗ್ಗೆ ನೋಡ್ದೆ. ಬೆಳೆಯೋದು ನಿಂತುಹೋಗಿತ್ತು. ಎಲ್ಲ ಕಪ್ಪಗೆ, ಪುಡಿಪುಡಿ... ನಿಂತುಹೋದದ್ದನ್ನ ತೆಗೆದು ಬಿಸಾಡ್ಬೇಕು, ಅದು ಲ್ಯಾಬಿನ ನಿಯಮ. ಬೇರೆಯವರದ್ದು ಎಷ್ಟೋ ಬಿಸಾಡಿದೀನಿ. ಇವತ್ತು ಆಗ್ಲಿಲ್ಲ... ಪೆಟ್ಟಿಗೆ ಬಾಗಿಲು ಮತ್ತೆ ಮುಚ್ಚಿ ಬಂದ್ಬಿಟ್ಟೆ.

ಇನ್ನೂ ಬೆಚ್ಚಗೇ ಇಟ್ಟಿದೀನಿ, ಅಕ್ಕ.