ಸಾಹುಕಾರರು ಹೊದ್ದ ಕಂಬಳಿ

ಅವತ್ತು ಬೆಳಿಗ್ಗೆ ಮಳೆ ಅನ್ನುವಷ್ಟು ಮಳೆಯಿರಲಿಲ್ಲ, ಬಿಡುವು ಅನ್ನುವಷ್ಟು ಬಿಡುವೂ ಇರಲಿಲ್ಲ. ಪಡುವಣ ಗಾಳಿಗೆ ಸಣ್ಣ ಹನಿ ಅಡ್ಡಡ್ಡ ಬೀಳುತ್ತಿತ್ತು. ಅಂಥ ಹೊತ್ತಿನಲ್ಲಿ ಒಂದೂರಿನ ಶ್ರೀಮಂತನೊಬ್ಬ ತನ್ನ ಹೊಲ ನೋಡಲು ನಡೆದು ಹೊರಟ. ಅವನ ಹೆಸರು ಬೇಡ. ಹೆಸರು ಹೇಳಿದರೆ ಪ್ರವಚನ ಕೇಳಲು ಬಂದ ನೀವು ಅವನನ್ನು ಹುಡುಕುತ್ತೀರಿ, ನಿಮ್ಮನ್ನು ಮರೆಯುತ್ತೀರಿ.

ಊರೆಲ್ಲ ಅವನಿಗೆ ಒಂದು ಇಂಗ್ಲಿಷ್ ಮಾತು ಕಟ್ಟಿತ್ತು. ಸಿಂಪಲ್. ಮನೆಯಲ್ಲಿ ಕಾರಿದೆ, ಆದರೂ ನಡೆಯುತ್ತಾನೆ, ಸಿಂಪಲ್. ಕಾಲಲ್ಲಿ ರಬ್ಬರ್ ಚಪ್ಪಲಿ, ಸಿಂಪಲ್. ಕಟ್ಟೆಯ ಮೇಲೆ ಎಲ್ಲರ ಜೊತೆ ಕೂತು ಚಹಾ ಕುಡಿಯುತ್ತಾನೆ; ಭಾಳ ಸಿಂಪಲ್. ನೋಡಿ, ಈ ಮಾತು ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತದೆ! ಲೆಕ್ಕ ಸುಲಭವಾಗಿದ್ದರೆ ಸಿಂಪಲ್. ಐನೂರು ಎಲೆ ಹಾಕಿಸಿದ ಮದುವೆಯನ್ನೂ "ಸಿಂಪಲ್ಲಾಗಿ ಮಾಡಿದ್ವಿ" ಅನ್ನುತ್ತೀರಿ. ಮನುಷ್ಯನಿಗೆ ಹೇಳಿದಾಗ ಮಾತ್ರ ಅದು ದೊಡ್ಡ ಹೊಗಳಿಕೆ. ಎಂಥ ಮನುಷ್ಯನಿಗೆ ಹೇಳುತ್ತೀರಿ?

ಸಾಹುಕಾರನ ಹೊಲದಲ್ಲಿ ಆಗ ಕುರಿಗಾರ ಮಾಳಿಂಗಪ್ಪ ಮತ್ತು ಅವನ ಹೆಂಡತಿ ಲಗಮವ್ವ ಕುರಿ ತರುಬಿದ್ದರು. ಹೊಲಕ್ಕೆ ಗೊಬ್ಬರವಾಗಲಿ ಎಂದು ಹೊಲದವರೇ ಹಿಂಡನ್ನು ಕರೆಸಿ ಕೆಲವು ದಿನ ನಿಲ್ಲಿಸಿಕೊಳ್ಳುವುದು ನಿಮಗೆ ಗೊತ್ತೇ ಇದೆ. ಹನಿ ಜೋರಾಯಿತು. ಸಾಹುಕಾರ ನಕ್ಕು ಕೈ ಚಾಚಿದ.

"ಏ ಮಾಳಿಂಗಾ, ಛತ್ರಿ ಗಿತ್ರಿ ನನಗ ಆಗಿಬರೂದಿಲ್ಲ. ನಿನ್ನ ಕಂಬಳೀನ ಕೊಡು. ಸಂಜೀಗೆ ಕಳಸ್ತೀನಿ."

"ತಗೊಳ್ರಿ ಧಣೀ. ನಿಮ್ಮ ಮೈಮ್ಯಾಲ ಬರಾಕ ಕಂಬಳೀನೂ ಪುಣ್ಯಾ ಮಾಡೇತಿ."

ತಲೆಯ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ಸಾಹುಕಾರ ಊರೊಳಗೆ ಬಂದ. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. "ಅಬಬಾ, ಕುರಿ ಕಾಯಾವರ ಕಂಬಳಿ ಹೊತಗೊಂಡ ಬಂದಾರ! ಎಷ್ಟ ಸಿಂಪಲ್ ನೋಡ್ರಿ!" ಒಬ್ಬ ಫೋಟೋ ತೆಗೆದ. ಸಂಜೆಯೊಳಗೆ ಅದು ಊರಿನ ಎಲ್ಲರ ಫೋನಿನಲ್ಲಿತ್ತು. ಕಂಬಳಿ ಮಾತ್ರ ಸಂಜೆಗೆ ಹೊಲಕ್ಕೆ ಹೋಗಲಿಲ್ಲ. ಮರುದಿನ ಸಾಹುಕಾರ ಅದನ್ನೇ ಹೊದ್ದು ಸೊಸೈಟಿಯ ಸಭೆಗೆ ಹೋದ. ಅಲ್ಲಿಂದ ಹಾಗೆಯೇ ಬೀಗರ ಮನೆಗೂ ಹೋದ.

ಈಗ ನನಗೊಂದು ಉತ್ತರ ಕೊಡಿ. ಅದೇ ಕಂಬಳಿ ಹೊದ್ದು ಮಾಳಿಂಗಪ್ಪ ಹನ್ನೆರಡು ವರ್ಷದಿಂದ ಅದೇ ಕಟ್ಟೆಯ ಮುಂದೆ ಹಾದುಹೋಗಿದ್ದಾನೆ. ಒಬ್ಬರಾದರೂ ಅವನನ್ನು ಸಿಂಪಲ್ ಅಂದರೇ? ಅನ್ನಲಿಲ್ಲ. ಸಾಹುಕಾರನ ಮೈಮೇಲೆ ಅದು ಗುಣ, ಮಾಳಿಂಗಪ್ಪನ ಮೈಮೇಲೆ ಬರೀ ಬಡತನ. ಕಂಬಳಿ ಒಂದೇ ಅಲ್ಲವೇ ತಾಯಂದಿರೇ?

ಹೊಲದಲ್ಲಿ ಏನಾಯಿತು ಕೇಳಿ. ಕಂಬಳಿ ಹೋದ ದಿನ ಮಧ್ಯಾಹ್ನವೇ ಒಂದು ಕುರಿ ಎರಡು ಮರಿ ಹಾಕಿತು. ಬಯಲಲ್ಲಿ ಹುಟ್ಟಿದ ಮರಿಗೆ ಕಂಬಳಿಯೇ ಮನೆ, ಅವರಲ್ಲಿದ್ದದ್ದು ಅದೊಂದೇ. ನಾಲ್ಕು ಕೋಲಿಗೆ ಕಟ್ಟಿದರೆ ನೀರು ಜಾರಿಹೋಗುತ್ತದೆ, ಒಳಗೆ ಬೆಚ್ಚಗಿರುತ್ತದೆ. ಮಾಳಿಂಗಪ್ಪ ತನ್ನ ಧೋತರ ಕಟ್ಟಿದ. ಅರಿವೆ ನೀರು ಕುಡಿದು ಜೋತುಬಿತ್ತು. ಮರುದಿನ ಒಂದು ಮರಿ ತಣ್ಣಗಾಯಿತು.

"ಹೋಗಿ ಕೇಳಿಕೊಂಡ ಬಾ," ಅಂದಳು ಲಗಮವ್ವ.

"ಅಂಥಾ ದೊಡ್ಡ ಮನಶ್ಯಾನ ಕಡೆ ಒಂದ ಕಂಬಳಿ ಹೊಳ್ಳಿ ಕೇಳೂದನ? ನಮ್ಮ ಕಿಮ್ಮತ್ತ ಏನ ಉಳೀತ?"

"ಕಿಮ್ಮತ್ತ ಹೊದಸ್ತಿ ಏನ ಮರೀಗೆ?"

ಮೂರನೆಯ ದಿನ ಬೆಳಿಗ್ಗೆ ಅವಳೇ ಹೊರಟಳು. ಉಳಿದ ಮರಿಯನ್ನು ಗಂಡನ ಅಂಗಿಯೊಳಗೆ ತುರುಕಿ, ತಾನು ನೆನೆಯುತ್ತಾ ಬಂದು ಸಾಹುಕಾರನ ಮನೆಯ ಮುಂದೆ ನಿಂತಳು. ಸಾಹುಕಾರ ಬಾಗಿಲಿಗೆ ಬಂದ. ಎದುರಿನ ಕಟ್ಟೆಯ ಮೇಲಿದ್ದ ಹಿರಿಯನೊಬ್ಬ ಛೇಡಿಸಿದ. "ಏನ ಲಗಮವ್ವಾ, ಒಂದ ಕಂಬಳಿ ಸಲುವಾಗಿ ಇಷ್ಟ ದೂರ ಬಂದಿ? ಸಾಹುಕಾರ್ರನ್ನ ನೋಡಿ ಕಲಿ. ಏನ ಸಿಂಪಲ್ ಅದಾರ!"

ಅವಳು ಅವನ ಕಡೆ ತಿರುಗಲಿಲ್ಲ. ಸಾಹುಕಾರನಿಗೇ ಹೇಳಿದಳು. "ಯಪ್ಪಾ, ನಿಮಗ ಅದು ಸಿಂಪಲ್ ಅನಿಸ್ಕೊಳ್ಳಾಕ ಬೇಕಾಗೇತಿ. ನನಗ ಮರಿ ಉಳಿಸ್ಕೊಳ್ಳಾಕ ಬೇಕಾಗೇತಿ. ಒಂದು ನಿನ್ನೆ ಹೋತು. ಇನ್ನೊಂದು ನಡಗಾಕತ್ತೇತಿ."

ಸಾಹುಕಾರ ತಡವರಿಸಿದ. "ಒಳಗ ಹೊಸಾ ಚಾದರ ಎರಡ ಅದಾವು, ತಗೊಂಡ ಹೋಗವಾ."

"ಚಾದರ ನೀರ ಕುಡೀತಾವ್ರಿ. ನಮ್ಮ ಕಂಬಳಿ ಕೊಡ್ರಿ."

ಎಲ್ಲಿಂದ ಕೊಡುತ್ತಾನೆ? ಅದನ್ನು ಬೀಗರ ಮನೆಯಲ್ಲಿ ಮರೆತು ಬಂದಿದ್ದ! ನೋಡಿ, ಬೇಕಾಗಿದ್ದವನು ಮರೆಯುವುದಿಲ್ಲ. ಲಗಮವ್ವ ಬರಿಗೈಯಲ್ಲಿ ಹೊಲದ ದಾರಿ ಹಿಡಿದಳು.

ನೀವೆಲ್ಲ ಆ ಸಾಹುಕಾರನ ಮೇಲೆ ಸಿಟ್ಟಾಗಿದ್ದೀರಿ. ಆಗಬೇಡಿ. "ನಾನು ಸಿಂಪಲ್, ತಂಗಳಿದ್ದರೂ ಉಣ್ಣುತ್ತೇನೆ" ಅನ್ನುವ ಯಜಮಾನರೇ, ನೀವು ಹೊತ್ತಲ್ಲದ ಹೊತ್ತಿಗೆ ಬಂದಾಗ ಆ ತಂಗಳನ್ನು ಬಿಸಿ ಮಾಡಲು ಮಲಗಿದವಳು ಏಳುತ್ತಾಳಲ್ಲ, ಅದು ಕಂಡಿದೆಯೇ? "ನಮಗೇನೂ ಬೇಡ" ಎನ್ನುತ್ತಾ ನೆಂಟರ ಮನೆಗೆ ಹೋಗುವವರೇ, ನಿಮಗೆ ಚಾಪೆ ಬಿಟ್ಟುಕೊಟ್ಟು ಬರೀ ನೆಲದ ಮೇಲೆ ಮಲಗಿದ್ದು ಯಾರು? ನಾನೂ ಕೇಳಿಕೊಳ್ಳಬೇಕು. ಸ್ವಾಮಿಗಳಿಗೆ ಏನೂ ಬೇಡ ಅನ್ನುತ್ತೀರಿ. ನನ್ನ ಈ ಮಡಿಬಟ್ಟೆ ದಿನಾ ಒಗೆಯುವ ಕೈ ಒಂದಿದೆ.

ಇವತ್ತು ಮನೆಗೆ ಹೋದ ಮೇಲೆ ಎರಡು ಕೆಲಸ ಮಾಡಿ. ಯಾರನ್ನಾದರೂ ಸಿಂಪಲ್ ಎಂದು ಹೊಗಳುವ ಮೊದಲು, ಅವರ ಸರಳತನಕ್ಕೆ ಮೈ ಕೊಟ್ಟು ದುಡಿದವರು ಯಾರೆಂದು ನೋಡಿ, ಅವರಿಗೊಂದು ಒಳ್ಳೆಯ ಮಾತು ಹೇಳಿ. ಮತ್ತೆ, ಇನ್ನೊಬ್ಬರಿಗೆ ಬೇಕಾದದ್ದು ನಿಮ್ಮ ಮನೆಯಲ್ಲಿದ್ದರೆ, ಅದು ಕೊಡಲಿಯಿರಲಿ, ಪಾತ್ರೆಯಿರಲಿ, ಅವರು ಬಂದು ಬಾಯಿಬಿಟ್ಟು ಕೇಳುವ ಹಾಗೆ ಮಾಡಬೇಡಿ. ನೀವೇ ಹೋಗಿ ಕೊಡಿ. ಆಳಿನ ಕೈಯಲ್ಲಿ ಕಳಿಸಬೇಡಿ.

ಸಾಹುಕಾರ ಏನು ಮಾಡಿದ ಅಂತ ಕೇಳುತ್ತೀರಾ? ಅವನು ಅವತ್ತು ನಡೆಯಲಿಲ್ಲ. ನಡೆದರೆ ತಡವಾಗುತ್ತದೆ ಎಂದು ಕಾರು ತೆಗೆದ. ತಾನೇ ಬೀಗರ ಊರಿಗೆ ಹೋಗಿ ಬಂದು ಹೊಲದ ಬದುವಿಗೆ ನಿಲ್ಲಿಸಿದ. ಕೆಸರಲ್ಲಿ ಇಳಿದ. ಸತ್ತ ಮರಿ ಹೂತಿದ್ದ ಹಸಿಮಣ್ಣು ಕಣ್ಣಿಗೆ ಬಿತ್ತು. ಮಾಳಿಂಗಪ್ಪನ ಅಂಗಿಯೊಳಗೆ ಇನ್ನೊಂದು ಮರಿ ಸಣ್ಣಗೆ ಅರಚುತ್ತಿತ್ತು. ಸಾಹುಕಾರ ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು ಲಗಮವ್ವನಿಗೆ ಕೊಟ್ಟ.