ಕೇಳಿದಷ್ಟೇ ಕೊಟ್ಟವನು

ಇದು ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು. ಎಲ್ಲೋ, ಯಾರಿಗೋ ಅಲ್ಲ. ತಗಡು ಬಡಿಯೋದು ಅವನ ಕಸುಬು. ಜಜ್ಜಿಹೋದ ಗಾಡಿಗಳನ್ನ ನೆಟ್ಟಗೆ ಮಾಡ್ತಾನೆ, ಅದಕ್ಕೇ ಎಲ್ಲರ ಬಾಯಲ್ಲೂ ಅವನು ತಗಡಣ್ಣ.

ಆವತ್ತು ರಾತ್ರಿ ಹನ್ನೊಂದು ದಾಟಿತ್ತು. ಬಿಡಿಭಾಗದ ಅಂಗಡಿಯವನ ಹತ್ರ ಎರಡು ಗಂಟೆ ಜಗಳ ಆಡಿ, ಗಂಟಲು ಒಣಗಿಸ್ಕೊಂಡು ಮನೆ ಕಡೆ ನಡೀತಿದ್ದ. ಜಗಳ ಒಂದೇ... ಪಿಕಪ್ಪಿಗೆ ಎಷ್ಟು ಬೆಲೆ ಹೇಳೋದು?

ಆ ಪಿಕಪ್ಪು ತಗಡಣ್ಣನಿಗಿಂತ ವಯಸ್ಸಲ್ಲಿ ದೊಡ್ಡದು. ಗುಂಡು ಮಡ್ಗಾರ್ಡು, ಕಪ್ಪೆಗಣ್ಣಿನ ದೀಪ, ಹಿಂದೆ ಮರದ ಹಲಗೆಯ ತೊಟ್ಟಿ. ಊರಾಚೆಯ ಒಬ್ಬ ಮುದುಕನ ಹಿತ್ತಲಲ್ಲಿ ಬಿದ್ದಿತ್ತು, ಒಳಗೆ ಕೋಳಿ ಮೊಟ್ಟೆ ಇಡ್ತಿದ್ವು. ಗುಜರಿ ಬೆಲೆಗೆ ತಂದ. ಮೂರು ವರ್ಷ, ಒಂದು ಭಾನುವಾರ ಬಿಡದೆ, ಅದರ ಸೇವೆ ಮಾಡಿದ. ಈಗ ಅದರ ಬಾಗಿಲಲ್ಲಿ ಮುಖ ನೋಡ್ಕೊಂಡು ಗಡ್ಡ ಹೆರೀಬಹುದು, ಅಷ್ಟು ಹೊಳಪು.

ಆದ್ರೆ ಬೆಲೆ? ಭಾವಮೈದುನ "ಹನ್ನೆರಡು ಲಕ್ಷ ಹೇಳು, ಹೆದರ್ಬೇಡ" ಅಂದ. ಅಂಗಡಿಯವನು "ಐದರ ಮೇಲೆ ಬಂದ್ರೆ ನನ್ನ ಮೀಸೆ ಬೋಳಿಸ್ತೀನಿ" ಅಂದ. ಇಂಥದ್ದೇ ಇನ್ನೊಂದು ಗಾಡಿಗೆ ಯಾರೋ ಹದಿನೆಂಟು ಅಂತ ಜಾಹೀರಾತು ಹಾಕಿದ್ದ, ಎರಡು ವರ್ಷದಿಂದ ಹಾಗೇ ಇದೆ. ಬಂದ ಗಿರಾಕಿಗಳೋ, ಟೈರಿಗೊಂದು ಒದೆ ಕೊಟ್ಟು "ಮೂರಕ್ಕೆ ಕೊಡ್ತೀರಾ?" ಅನ್ನೋರು. ಅವನ ಹೆಂಡತಿ, ನಮ್ಮ ಅತ್ತಿಗೆಯಂತೂ "ಹೆತ್ತೋರಿಗೆ ಹೆಗ್ಗಣ ಮುದ್ದು. ಬಂದಷ್ಟಕ್ಕೆ ಕೊಟ್ಟು ನನ್ನ ಶೆಡ್ಡು ಖಾಲಿ ಮಾಡಿ" ಅಂತ ದಿನಾ ಮಂತ್ರ. ತಗಡಣ್ಣ ರೋಸಿಹೋಗಿದ್ದ. ಹಟಕ್ಕೆ ಬಿದ್ದು ಒಂಬತ್ತು ಅಂತ ಹೇಳ್ಕೊಂಡು ತಿರುಗ್ತಿದ್ದ.

ಅವನ ಮನೆ ದಾರಿಯ ತಿರುವಿನಲ್ಲಿ ಒಂದು ಹಳೇ ಬಾವಿ ಇದೆ. ಯಾರೂ ನೀರು ಸೇದಲ್ಲ. ಹಗ್ಗ ಇಲ್ಲ, ರಾಟೆ ಇಲ್ಲ.

ಕಟ್ಟೆ ಮೇಲೆ ಒಬ್ಬ ಕೂತಿದ್ದ. ರಸ್ತೆಗೆ ಬೆನ್ನು ಹಾಕಿ.

"ಗಾಡಿಗೆ ಎಷ್ಟು ಹೇಳ್ತಿದೀಯ?"

ಪಿಸುಮಾತು. ಆದ್ರೆ ಕಿವಿ ಪಕ್ಕದಲ್ಲೇ ನಿಂತು ಹೇಳಿದ ಹಾಗೆ...

ಅಂಗಡಿಯವನು ಛೂ ಬಿಟ್ಟಿರೋ ದಲ್ಲಾಳಿ ಇವನು ಅಂದ್ಕೊಂಡ ತಗಡಣ್ಣ. "ಒಂಬತ್ತು" ಅಂದ.

"ಜಾಸ್ತಿ ಆಯ್ತು."

"ಯಾಕೆ ಜಾಸ್ತಿ?"

ಬಾವಿ ಕಡೆಯಿಂದ ಸದ್ದು ಬಂತು. ಬೆರಳ ಗೆಣ್ಣಿನಿಂದ ಕಬ್ಬಿಣ ತಟ್ಟಿದ ಹಾಗೆ. ಠಣ್... ಠಣ್... ಡಬ್.

ತಗಡು ಬಡಿಯೋನಿಗೆ ಇದು ಗೊತ್ತು. ಗಟ್ಟಿ ಕಬ್ಬಿಣ ಠಣ್ ಅನ್ನುತ್ತೆ. ಒಳಗೆ ಬಿರುಕಿದ್ರೆ ಡಬ್.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ಅವನಿಗೆ. ಯಾಕಂದ್ರೆ ಗಾಡೀಲಿ ಒಂದು ಜಾಗ ಇತ್ತು. ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗೋ ಸರಳು. ಅದು ಯಾವ ಕಾಲದಲ್ಲೋ ಮುರಿದು, ಬೆಸುಗೆ ಹಾಕಿದ್ದು. ಹೊಸದಕ್ಕೆ ಎರಡು ವರ್ಷ ಹುಡುಕಿದ್ದ, ಸಿಕ್ಕಿರಲಿಲ್ಲ. ಕೊನೆಗೆ ಬೆಸುಗೆಯನ್ನ ಉಜ್ಜಿ ಸಪಾಟು ಮಾಡಿ, ಮೇಲೆ ಕಪ್ಪು ಬಣ್ಣ ಹೊಡೆದಿದ್ದ. ಗಟ್ಟಿಯಾಗೇ ಇದೆ ಅಂತ ತನಗೆ ತಾನೇ ಹೇಳ್ಕೊಂಡಿದ್ದ. ಹೆಂಡತಿಗೂ ಹೇಳಿರಲಿಲ್ಲ.

"ಬೇಕಾದ್ರೆ ಹಗಲು ಹೊತ್ತು ಬಂದು ಮಾತಾಡಿ" ಅಂತ ರೇಗಿ ನಾಲ್ಕು ಹೆಜ್ಜೆ ಮುಂದೆ ಹೋದ. ತಿರುಗಿ ನೋಡಿದ... ಕಟ್ಟೆ ಖಾಲಿ.

ಮನೇಲಿ ಹೇಳಿದ್ರೆ ಅತ್ತಿಗೆ, "ಬೆಲೆ ಬೆಲೆ ಅಂತ ತಲೆ ಕೆಟ್ಟಿದೆ ನಿಮಗೆ, ಮಲ್ಕೊಳಿ" ಅಂದ್ರು.

ಎರಡು ದಿನ ಬಿಟ್ಟು ಒಬ್ಬ ಹಳೇ ಗಾಡಿ ಸಂಗ್ರಹಿಸೋ ಡಾಕ್ಟ್ರು ಬಂದ್ರು. ಕೈಲಿ ಟಾರ್ಚು, ಬಣ್ಣದಡಿ ಪುಟ್ಟಿ ಮೆತ್ತಿದ್ರೆ ಹಿಡಿಯೋಕೆ ಜೇಬಲ್ಲಿ ಅಯಸ್ಕಾಂತ. ನೆಲದ ಮೇಲೆ ಅಂಗಾತ ಮಲಗಿ ಒಂದು ಗಂಟೆ ನೋಡಿದ್ರು. ಎದ್ದು ಅಂಗಿ ಕೊಡವಿ, "ಹುಳುಕಿಲ್ಲ. ಒಂಬತ್ತು ನ್ಯಾಯವಾದ ಬೆಲೆ. ಭಾನುವಾರ ತಗೊಂಡ್ಹೋಗ್ತೀನಿ" ಅಂದ್ರು.

ಕುಣಿಬೇಕಿತ್ತು ತಾನೆ? ಆಗಲಿಲ್ಲ. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಮೂರು ವರ್ಷ ಬೆವರು ಸುರಿಸಿದ್ದಕ್ಕೆ ಒಬ್ಬ ಮನುಷ್ಯ ಕೊನೆಗೂ ಮರ್ಯಾದೆ ಕೊಟ್ಟ, ಅದೂ ಗಂಟಲಲ್ಲಿ ಸಿಕ್ಕಿಹಾಕ್ಕೊಂಡಿತಲ್ಲ ಅಂತ ತನ್ನ ಮೇಲೇ ಸಿಟ್ಟು.

ಶನಿವಾರ ರಾತ್ರಿ, ಶೆಡ್ಡಿಂದ ಸದ್ದು.

ಠಣ್... ಠಣ್... ಡಬ್.

ಅತ್ತಿಗೆ ಗಾಢ ನಿದ್ದೇಲಿದ್ರು. ತಗಡಣ್ಣ ಟಾರ್ಚ್ ಹಿಡ್ಕೊಂಡು ಬರಿಗಾಲಲ್ಲಿ ಹೋದ. ಹೊರಗಿನ ಬೀಗ ಹಾಕಿದ ಹಾಗೇ ಇತ್ತು. ತೆಗೆದ. ಬಾಗಿಲು ಕಿರ್ರ್... ಅಂತು.

ಗಾಡಿ ಕೆಳಗೆ ಯಾರೋ ಮಲಗಿದ್ರು. ಪಾದ ಎರಡೇ ಹೊರಗೆ ಕಾಣ್ತಿದ್ವು. ಒದ್ದೆ ಪಾದ. ಹಿಮ್ಮಡಿಯಿಂದ ನೀರು ತೊಟಕ್... ತೊಟಕ್... ಅಂತ ಬೀಳ್ತಿತ್ತು.

"ಎಷ್ಟಕ್ಕೆ ಮುಗಿಸಿದೆ?"

ತಗಡಣ್ಣ ಹೇಗೋ ಹೇಳಿದ, "ಒಂ... ಒಂಬತ್ತು."

ಹಿಮ್ಮಡಿಯಿಂದ ಇನ್ನೊಂದು ಹನಿ ಬಿತ್ತು. ಆಮೇಲೆ...

"ನಾನೂ ಕೇಳಿದಷ್ಟೇ ಕೊಟ್ಟಿದ್ದೆ."

ಬಗ್ಗಿ ಟಾರ್ಚ್ ಬಿಟ್ಟ. ಯಾರೂ ಇಲ್ಲ. ನೆಲ ಒಣಗಿತ್ತು. ಆದ್ರೆ ಆ ಸರಳಿನ ಮೇಲೆ, ಬೆಸುಗೆ ಇದ್ದ ಜಾಗದಲ್ಲಿ ಮಾತ್ರ, ಕಪ್ಪು ಬಣ್ಣ ಅಂಗೈಯಗಲ ಕೆರೆದುಹೋಗಿತ್ತು. ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕು.

ಬೆಳಕು ಹರಿಯೋದೇ ತಡ, ಗಾಡಿ ಕೊಟ್ಟ ಮುದುಕನ ಮನೆಗೆ ಓಡಿದ. ಮುದುಕ ಕುರ್ಚೀಲಿ ಕೂತು ರೇಡಿಯೋ ಕೇಳ್ತಿದ್ದ. ತಗಡಣ್ಣ ಕೇಳಿದ್ದು ಒಂದೇ ಮಾತು. "ಅಜ್ಜಾ, ಈ ಗಾಡೀನ ಇದಕ್ಕೆ ಮುಂಚೆ ಯಾರಿಗಾದ್ರೂ ಮಾರಿದ್ರಾ?"

ಮುದುಕ ರೇಡಿಯೋ ಆರಿಸಿದ. ಒಳಗಿಂದ ಅಜ್ಜಿ ಬಂದು ಬಾಗಿಲಿಗೆ ಒರಗಿ ನಿಂತ್ಕೊಂಡ್ಳು.

"ಹೇಳ್ರೀ, ಎಷ್ಟು ವರ್ಷ ಹೊಟ್ಟೇಲಿ ಇಟ್ಕೋತೀರ?" ಅಂದ್ಳು. ಮುದುಕ ತಲೆ ತಗ್ಗಿಸಿದ. ಆಮೇಲೆ ಅವಳೇ ಹೇಳಿದ್ಳು, ದನಿ ಇಳಿಸಿ. "ಒಬ್ಬ ಎತ್ತರದ ಆಳಿಗೆ ಮಾರಿದ್ವಪ್ಪಾ. ಮೂವತ್ತು ವರ್ಷ ಆಯ್ತು. ಸರಳು ಬೆಸುಗೇದು ಅಂತ ಹೇಳ್ಲಿಲ್ಲ, ಗ್ರೀಸ್ ಬಳಿದು ಮುಚ್ಚಿದ್ವಿ. ಇವರು ಬಾಯಿಗೆ ಬಂದ ಬೆಲೆ ಹೇಳಿದ್ರು, ಚೌಕಾಸಿ ಮಾಡ್ತಾನೆ ಅಂತ. ಅವನು ಮಾಡ್ಲೇ ಇಲ್ಲ. ಹಿರಿಯರು, ಮೋಸ ಮಾಡ್ತೀರಾ ಅಂತ ನಕ್ಕು ಕೇಳಿದಷ್ಟೇ ಕೊಟ್ಟ. ಅದೇ ಸಂಜೆ... ತಿರುವಲ್ಲಿ ಸರಳು ಮುರೀತು. ಗಾಡಿ ಕಟ್ಟೆಗೆ ಬಡೀತು. ಅವನು ಬಾವಿಗೆ ಬಿದ್ದ."

"ಮತ್ತೆ ಆ ಬೆಸುಗೆ?"

"ಗಾಡಿ ಎಳ್ಕೊಂಡು ಬರೋಕೆ ಅಂತ ಅದೇ ಜಾಗಕ್ಕೆ ಮತ್ತೆ ಹಾಕ್ಸಿದ್ವಿ. ಆಮೇಲೆ ಇವರು ಅದನ್ನ ಮುಟ್ಟಲಿಲ್ಲ."

ತಗಡಣ್ಣ ಅಲ್ಲಿಂದಲೇ ಡಾಕ್ಟ್ರಿಗೆ ಫೋನ್ ಮಾಡಿದ. ಇದ್ದದ್ದು ಇದ್ದ ಹಾಗೆ ಹೇಳಿದ, ಬಾವಿ ವಿಷಯ ಬಿಟ್ಟು. ಆ ಕಡೆಯಿಂದ, "ಮೊನ್ನೆ ನಾನು ಕೆಳಗೆ ಮಲಗಿದ್ದಾಗ ಬಾಯಲ್ಲಿ ಏನು ಇಟ್ಕೊಂಡಿದ್ರಿ?" ಅಂತ ಬೈಗುಳ. ವ್ಯಾಪಾರ ಮುರಿದುಬಿತ್ತು. ಸುದ್ದಿ ಎಲ್ಲಾ ಕಡೆ ಹಬ್ಬಿತು. ಹುಳುಕು ಮುಚ್ಚಿಟ್ಟಾಗ ಒಬ್ಬರು ಒಂಬತ್ತು ಕೊಡೋಕೆ ಬಂದಿದ್ರು, ನಿಜ ಹೇಳಿದ ಮೇಲೆ ಯಾರೂ ಫೋನ್ ಎತ್ತಲಿಲ್ಲ. ಅಂಗಡಿಯವನು ಮೀಸೆ ತಿರುವಿದ.

ಹಳೇ ಸರಳನ್ನ ಕಳಚಿ ಗರಗಸದಲ್ಲಿ ಮೂರು ತುಂಡು ಮಾಡಿ ಎಸೆದ. ಲೇತಿನವನ ಹತ್ರ ಗಟ್ಟಿ ಉಕ್ಕಿನಲ್ಲಿ ಹೊಸದು ಕಡೆಸಿದ. ಅಳತೆ ಹೊಂದದೆ ಎರಡು ಸಲ ವಾಪಸ್ಸು. ಮೂರನೇ ಸಲ ಕೂತಿತು. ಗೆಣ್ಣಿನಿಂದ ತಟ್ಟಿ ನೋಡಿದ. ಠಣ್. ಇನ್ನೊಂದು ಸಲ. ಠಣ್.

ಆದ್ರೆ ಬೆಲೆ? ಮತ್ತೆ ಅಲ್ಲಿಗೇ ಬಂತು ನೋಡಿ. ಕಾರ್ಖಾನೇದಲ್ಲದ ಸರಳು, ಮನುಷ್ಯನ್ನ ತಿಂದ ಗಾಡಿ, ಮೂರು ವರ್ಷದ ದುಡಿಮೆ. ಇದನ್ನೆಲ್ಲ ಯಾವ ತಕ್ಕಡೀಲಿ ತೂಗೋದು? ತಲೆ ಕೆಟ್ಟು, ಒಂದು ರಾತ್ರಿ ತಾನಾಗೇ ಬಾವಿ ಹತ್ರ ಹೋಗಿ ನಿಂತ.

"ಈಗ ಹೇಳಪ್ಪಾ... ಈಗ ಎಷ್ಟು?"

ಕಟ್ಟೆ ಮೇಲೆ ಕೈಯಿಟ್ಟು ಒಳಗೆ ಬಗ್ಗಿದ.

"ಬೇಡ ಅಂದಾಗ ಬಂದು ಜಾಸ್ತಿ ಅಂದೆ. ಬೇಕು ಅಂದಾಗ ಬಾಯಿ ಹೊಲ್ಕೊಂಡ್ಯಾ?"

ಒಂದು ಗಂಟೆ ಕಾದ. ಕಪ್ಪೆ ಕೂಡ ವಟಗುಟ್ಟಲಿಲ್ಲ. ಬೈಕೊಂಡು ಮನೆಗೆ ಬಂದು, ಬೆಳಿಗ್ಗೆ ಎದ್ದು ಆರೂವರೆ ಲಕ್ಷ ಅಂತ ಬರೆದು ಗಾಡಿ ಗಾಜಿಗೆ ಅಂಟಿಸಿದ.

ಬಂದೋಳು ಹೂಗಿಡದ ಸಸಿ ಮಾರೋ ಒಬ್ಬ ಹೆಂಗಸು. ಐದಡಿ ಇಲ್ಲ, ಬಾಯಿ ಮಾತ್ರ ಬೆತ್ತದಂಥದ್ದು. ತಗಡಣ್ಣ ಎಲ್ಲ ಹೇಳಿದ. ಬೆಸುಗೆ, ಹೊಸ ಸರಳು, ಬಾವಿ, ಸತ್ತವನು. ಕೇಳಿಸಿಕೊಂಡು, "ಸತ್ತೋರು ಎಲ್ಲಿಲ್ಲ? ಆರಕ್ಕೆ ಕೊಡಿ" ಅಂದ್ಳು. ಅರ್ಧ ದಿನ ಎಳೆದಾಡಿದ್ಳು. ಬಣ್ಣಕ್ಕೆ, ಹಲಗೆಗೆ, ಹಾರನ್ನಿನ ದನಿಗೂ ಹುಳುಕು ತೆಗೆದ್ಳು. ಜೀವಮಾನದಲ್ಲಿ ಮೊದಲನೇ ಸಲ ತಗಡಣ್ಣನಿಗೆ ಚೌಕಾಸಿ ಕೇಳಿ ಸಿಟ್ಟು ಬರಲಿಲ್ಲ. ಆರೂಕಾಲಿಗೆ ಮುಗೀತು.

ಒಂದು ತಿಂಗಳಾದ ಮೇಲೆ ಅವಳ ಫೋನ್ ಬಂತು. ಫೋನ್ ಬಂದಾಗ ನಾನು ಅವನ ಪಕ್ಕದಲ್ಲೇ ಕೂತಿದ್ದೆ, ಸ್ಪೀಕರಲ್ಲೇ ಕೇಳಿದ್ದು. ಬೇಕಾದ್ರೆ ಹೋಗಿ ಅವಳನ್ನೇ ಕೇಳಿ, ಮನೆ ತೋರಿಸ್ತೀನಿ.

"ಗಾಡಿ ಬಂಗಾರ ಕಣಣ್ಣಾ" ಅಂದ್ಳು. "ಒಂದು ಸಣ್ಣ ವಿಷಯ ಅಷ್ಟೆ. ಒಳಗಿನ ಕನ್ನಡೀನ ನಾನು ನನ್ನ ಎತ್ತರಕ್ಕೆ ಇಟ್ಕೊಂಡು ರಾತ್ರಿ ಬೀಗ ಹಾಕಿರ್ತೀನಿ. ಬೆಳಿಗ್ಗೆ ಕೂತು ನೋಡಿದ್ರೆ ಅದರಲ್ಲಿ ಆಕಾಶ ಕಾಣುತ್ತೆ... ಎತ್ತರದೋರು ಯಾರೋ ಸರಿ ಮಾಡ್ಕೊಂಡ ಹಾಗೆ."