ಹೊಸ ಸೈಲೆನ್ಸರಿನ ಮೈಲೇಜು

ದರ್ಜಿಯ ಸ್ಕೂಟರಿನಲ್ಲಿ ಪೆಟ್ರೋಲ್ ಇರಲಿಲ್ಲ. ತಳ್ಳಿಕೊಂಡು ಬಂದು ಬಂಕಿನ ಸಾಲಿನಲ್ಲಿ ನಿಂತವನ ಮುಂದೆ ಒಂದು ಪುಟ್ಟ ಕಾರು ಲಾರಿಯ ಹಾಗೆ ಗುಡುಗುತ್ತಿತ್ತು. ಓಡಿಸುತ್ತಿದ್ದವನು ತಮ್ಮ, ಪಕ್ಕದಲ್ಲಿ ನರ್ಸ್ ಉಡುಪಿನ ಅಕ್ಕ. ಕಾರು ಯಾರದೆಂದು ಅವಳ ದನಿಯಲ್ಲೇ ದರ್ಜಿಗೆ ಗೊತ್ತಾಯಿತು.

“ಈ ಗುಡುಗೋ ಸೈಲೆನ್ಸರು, ಹೊಸ ಫಿಲ್ಟರು ಹಾಕಿಸಿದ್ರೆ ಮೈಲೇಜ್ ಏರುತ್ತೆ ಅಂದೆ. ಈ ವಾರ ನಿನ್ನ ಕೈಗೆ ಕೊಟ್ಟೆ, ಲೀಟರಿಗೆ ಹದಿನೇಳಿದ್ದದ್ದು ಹದಿಮೂರಕ್ಕಿಳೀತು.”

“ಎಂಜಿನ್ ಈಗ ಚೆನ್ನಾಗಿ ಉಸಿರಾಡುತ್ತೆ, ಅಕ್ಕ.”

“ಉಸಿರಾಡುತ್ತೋ, ಕುಡಿಯುತ್ತೋ?”

“ಇದನ್ನ ಹಾಕಿಸಿದ ಮೇಲೆ ಹೋದ ವಾರ ನೀನೇ ಓಡಿಸಿದ್ಯಲ್ಲ, ಎಷ್ಟು ಬಂತು ಹೇಳು.”

ಅಕ್ಕ ದನಿ ತಗ್ಗಿಸಿದಳು. ದರ್ಜಿ ಕಿವಿ ನಿಮಿರಿಸಿದ.

“ಹತ್ತೊಂಬತ್ತು.”

“ನೋಡಿದ್ಯಾ! ಅದೇ ಎಂಜಿನ್, ಅದೇ ಸೈಲೆನ್ಸರ್!”

“ರೋಗಿಗಳ ಮನೆ ಮುಂದೆ ಈ ಸದ್ದು ಮಾಡೋಕೆ ನಾಚಿಕೆ ಕಣೋ. ಅದಕ್ಕೆ ದಾರಿಯುದ್ದಕ್ಕೂ ಹೂವು ಮುಟ್ಟಿದ ಹಾಗೆ ಆಕ್ಸಿಲರೇಟರ್ ಒತ್ತುತ್ತೀನಿ. ನೀನು?”

“ನಾನು... ಸದ್ದು ಕೇಳೋಕೆ ಸ್ವಲ್ಪ ಜಾಸ್ತಿ ಒತ್ತುತ್ತೀನಿ.”

“ಹಾಗೆ ಬಾ ದಾರಿಗೆ.”

“ಸೈಲೆನ್ಸರ್ ಬಿಚ್ಚಿಸಿ ಹಳೇದೇ ಹಾಕಿಸಿಬಿಡ್ಲಾ?”

“ಬೇಡ, ಇರಲಿ. ಹತ್ತೊಂಬತ್ತು ನನಗೆ ಯಾವತ್ತೂ ಬಂದಿರಲಿಲ್ಲ. ನೀನು ಇಳಿ, ಕೀ ಇಲ್ಲಿ ಕೊಡು. ಇನ್ನು ಕಾರು ಕೇಳಬೇಡ.”

ಪೆಟ್ರೋಲ್ ಹಾಕಿಸಿದ್ದಾಯಿತು. ಅಕ್ಕ ಸ್ಟಿಯರಿಂಗ್ ಹಿಡಿದು ಕೂತಳು, ತಮ್ಮ ಪಕ್ಕದ ಸೀಟಿಗೆ ಹೋದ. ಕಾರು ಸದ್ದಿಲ್ಲದಷ್ಟು ಮೆಲ್ಲಗೆ ಹೊರಟುಹೋಯಿತು. ತಮ್ಮ ಕಳೆದುಕೊಂಡದ್ದು ಒಂದು ಕೀ.